ಬಟ್ಟೆಯ ಹೆಣ್ಣೆಲ್ಕ್

ಡಾರ್ಬಿ, ಮೊಂಟಾನಾ
ಸೆಪ್ಟೆಂಬರ್ ೨೧, ಭಾನುವಾರ

ಮಾರ್ಲಿಸ್,

ನಿನ್ನ ಕಾಗದ ಬಂತು. ಮನೆ ಬಿಟ್ಟುಹೋಗಿ ಎರಡು ವರ್ಷದ ಮೇಲೆ ಬರೆದಿದ್ದೀಯ, ಅದೂ ಒಂದು ಎಲ್ಕ್ ಜಿಂಕೆ ಯಾಕೆ ಓಡಿತು ಅಂತ ಕೇಳಲು. ಮೊದಲು ನಗು ಬಂತು. ಎರಡನೇ ಸಲ ಓದಿದಾಗ ಬರಲಿಲ್ಲ.

ಗುರುವಾರ ಬೆಳಿಗ್ಗೆ ಸುಟ್ಟ ಕಾಡಿನ ಅಂಚಿನಲ್ಲಿ ಗಂಡು ಎಲ್ಕನ್ನು ಮರುಳು ಮಾಡುವ ನಮ್ಮ ಹಳೆಯ ಬಟ್ಟೆಯ ಹೆಣ್ಣೆಲ್ಕನ್ನು ನಿಲ್ಲಿಸಿದಿರಿ. ವೆಂಡೆಲ್ ಹಿಂದೆ ಕೂತು ಹೆಣ್ಣೆಲ್ಕಿನ ದನಿಯಲ್ಲಿ ಕೂಗಿದ. ನೀನು ಮುಂದೆ ಬಿಲ್ಲು ಹಿಡಿದು ಕೂತೆ. ಆರು ಕವಲಿನ ಕೊಂಬಿನ ಗಂಡು ನಲವತ್ತು ಹೆಜ್ಜೆಯವರೆಗೆ ಬಂದು, ಮೂಗೆತ್ತಿ, ತಿರುಗಿ ಓಡಿತು. ನಿನ್ನ ಮೊದಲ ಗಂಡು ಆಗಬೇಕಿತ್ತು.

ನೀವು ಬಟ್ಟೆಯನ್ನು ಪೂರ್ತಿ ಬಯಲಲ್ಲಿ ನಿಲ್ಲಿಸಿರಬೇಕು. ಹಾಗೆ ಮಾಡಿದರೆ ಗಂಡು ದೂರದಲ್ಲೇ ನಿಂತು, ಅವಳೇ ಬರಲಿ ಅಂತ ಕಾಯುತ್ತದೆ. ಪೊದೆಯ ಮರೆಯಲ್ಲಿ ಅರ್ಧ ಮಾತ್ರ ಕಾಣಬೇಕು, ಅದೂ ಗಂಡು ಬಾಣದ ಅಳತೆಗೆ ಬಂದ ಮೇಲೆ. ಪೂರ್ತಿ ಅಡ್ಡವೂ ಬೇಡ, ಹೊರಟು ನಿಂತವಳ ಹಾಗೆ ಓರೆಯಾಗಿರಲಿ. ಹೊರಟವಳ ಹಿಂದೆ ಗಂಡು ಬೇಗ ಬರುತ್ತದೆ. ವಾಸನೆ ಹಿಡಿಯಲು ಅದು ಗಾಳಿಯ ಕೆಳಬದಿಗೆ, ಗಾಳಿ ಬೀಸಿ ಹೋಗುವ ಕಡೆಗೆ, ಸುತ್ತುತ್ತದೆ. ನಿನ್ನ ವಾಸನೆ ಅದಕ್ಕೆ ತಾಗುವ ಮೊದಲೇ ಬಾಣ ಬಿಡಬೇಕು.

ಇದನ್ನು ನಿನಗೆ ಹೇಳಿಕೊಡುವುದು ವಿಚಿತ್ರವೇ. ಹದಿನಾರು ವರ್ಷ ನನ್ನ ಬೆನ್ನ ಹಿಂದೆ ಕೂತು ಕೂಗಿದವಳು ನೀನು. ಗೋಡೆಯ ಮೇಲಿನ ಒಂಬತ್ತು ಜೊತೆ ಕೊಂಬು ನನ್ನವು. ಒಮ್ಮೆ ನೀನು, "ಒಂದ್ಸಲ ಬಿಲ್ಲು ನಂಗ್ ಕೊಡೋ, ನೀನು ಕೂಗು," ಅಂದಿದ್ದೆ. "ನನ್ ಕೂಗಿಗೆ ಕೊಟ್ಟಿಗೆ ಹಸೂನೂ ಬರಲ್ಲ ಕಣೇ," ಅಂದೆ. ನೀನು ನಕ್ಕೆ ಅಂತ ನನ್ನ ನೆನಪು.

ಮೊನ್ನೆ ಹುಲ್ಲು-ಹಿಂಡಿ ಅಂಗಡಿಯಲ್ಲಿ ವೆಂಡೆಲ್ ಸಿಕ್ಕಿದ. ಕುದುರೆಗೆ ಲಾಳ ಹೊಡೆಯುವವನಿಗೆ ಅಷ್ಟು ಮೆತ್ತಗಿನ ಗಂಟಲು ಎಲ್ಲಿಂದ ಬಂತೋ. "ಆರಿನ್, ಮಾರ್ಲಿಸ್‌ದು ಏನ್ ಗುರಿ ಮಾರಾಯ! ಇಷ್ಟ್ ವರ್ಷ ಅವಳನ್ನ ಎಲ್ಲಿ ಬಚ್ಚಿಟ್ಟಿದ್ದೆ?" ಅಂದ.

"ಬೆನ್ನ ಹಿಂದೆ," ಅಂದೆ.

ಅವನು ನಿನ್ನ ಮನೆಗೆ ಬರಲಿ, ಊಟಕ್ಕೆ ಕೂರಲಿ, ಅದು ನನಗೆ ಸಂಬಂಧಿಸಿದ್ದಲ್ಲ. ನಿನ್ನ ಹಿಂದೆ ಕೂತು ಕೂಗುತ್ತಾನಲ್ಲ, ಅದರ ಬಗ್ಗೆ ಮಾತ್ರ ನಾನು ಹಾಗೆ ಬರೆಯಲಾರೆ.

ಬಟ್ಟೆಯ ಎಡ ಕಿವಿಗೆ ನನ್ನ ಕಂದು ಅಂಗಿಯ ತುಂಡು ಹೊಲಿದಿದ್ದೆಯಲ್ಲ, ಆ ತೇಪೆ ಇನ್ನೂ ಬಿಟ್ಟಿಲ್ಲ. ಗಾಳಿಗೆ ನಿಜವಾದ ಕಿವಿಯ ಹಾಗೇ ಅಲುಗುತ್ತದೆ.

ಕೊನೆಗೆ ಹೆಸರಿನ ಮುಂದೆ 'ನಿನ್ನ' ಅಂತ ಬರೆಯುವ ಅಭ್ಯಾಸ ಕೈಗೆ ಇನ್ನೂ ಇದೆ. ಬರೆಯುವುದಿಲ್ಲ.

ಆರಿನ್

ಮರೆತ ಮಾತು: ಬಟ್ಟೆ ಇರಬೇಕಾದ ಕಡೆಯೇ ಇತ್ತು. ಗುರುವಾರ ನಾನು ಗಾಳಿಯ ಮೇಲ್ಬದಿಯಲ್ಲಿ, ಗಾಳಿ ಬೀಸಿ ಬರುವ ಕಡೆ, ಬಿದ್ದ ಮರದ ಹಿಂದೆ ಇದ್ದೆ. ನೀನು ಬಿಲ್ಲೆಳೆಯುವಾಗ ಬೇಕೆಂದೇ ಎದ್ದು ನಿಂತೆ. ಗಂಡಿಗೆ ಸಿಕ್ಕಿದ್ದು ನನ್ನ ವಾಸನೆ. ಬೇಟೆಯ ಕಾಲ ಮುಗಿಯಲು ಇನ್ನೂ ಮೂರು ವಾರ ಇದೆ, ಅಲ್ಲೇ ಕೂರು, ನಾನು ಆ ಕಡೆ ಬರುವುದಿಲ್ಲ. ಅವತ್ತೂ ನಿಮ್ಮನ್ನು ನೋಡಲೆಂದು ಬಂದದ್ದಲ್ಲ. ಕೂಗು ಕೇಳಿಸಿತು. ಕೂಗಿದ್ದು ನೀನೇ ಅಂದುಕೊಂಡೆ.