ಯಾರ ಮನೆಯೂ ಅಲ್ಲದ ಜಾಗ

ಮೂಡಿಗೆರೆ
12 ಆಗಸ್ಟ್ 2003

ಪ್ರೀತಿಯ ಕವನಾ,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಮಳೆಗೆ ಫೋನ್ ಕೆಟ್ಟಿದೆ. ಕೆಡದಿದ್ದರೂ ಈ ಸುದ್ದಿಯನ್ನು ನಿನ್ನ ಅಪ್ಪನ ಎದುರು ಹೇಳಲು ಆಗುತ್ತಿರಲಿಲ್ಲ. ನಿನ್ನೆ ಚಿಕ್ಕಮಗಳೂರಿನಲ್ಲಿ ನಿನ್ನ ಚಿಕ್ಕಮ್ಮ ಜಲಜಾಕ್ಷಿಯನ್ನು ಕಂಡೆ. ಮಾತಾಡಿದೆವು.

ತೋಟ ಪಾಲಾದಾಗ ನಿನ್ನ ಅಪ್ಪನೂ ಚಿಕ್ಕಪ್ಪನೂ ಒಬ್ಬರ ಹೊಸಿಲು ಒಬ್ಬರು ತುಳಿಯುವುದಿಲ್ಲ ಎಂದು ಆಣೆ ಹಾಕಿದರು. ಅಣ್ಣತಮ್ಮಂದಿರ ಆಣೆ ಅದು. ಅವರನ್ನು ಮದುವೆಯಾದ ಅಕ್ಕತಂಗಿಯರು, ನಾವು, ಯಾರೂ ಹೇಳದೆಯೇ ಅದನ್ನು ಪಾಲಿಸಿದೆವು. ನೀನಾಗ ಇನ್ನೂ ಪ್ರೈಮರಿ ಶಾಲೆಯಲ್ಲಿದ್ದೆ.

ನಾನು ಓದುವ ಅನುವಾದದ ಕಾದಂಬರಿಗಳಲ್ಲಿ ಜನ ಸುಮ್ಮನೆ ಪಾರ್ಕಿನಲ್ಲಿ ಭೇಟಿಯಾಗುತ್ತಾರೆ. ನಮ್ಮಲ್ಲಿ ಭೇಟಿಯಾಗಲು ಯಾರಾದರೂ ಮದುವೆಯಾಗಬೇಕು, ಇಲ್ಲವೇ ಸಾಯಬೇಕು. ಹಾಗಾಗಿ ನೀನು ಪೇಪರಿನಲ್ಲಿ ತೋರಿಸಿದ್ದ, ಚಿಕ್ಕಮಗಳೂರಿನ ಆ ಹೊಸ ಕಟ್ಟಡದ ತಾರಸಿ ತೋಟ ತಲೆಯಲ್ಲಿ ಉಳಿದಿತ್ತು. ಪ್ರವೇಶ ಉಚಿತ. ಅಲ್ಲಿ ಯಾರೂ ಮನೆಯವರಲ್ಲ, ಯಾರೂ ನೆಂಟರಲ್ಲ. ಫೋನ್ ಕೆಡುವ ಮೊದಲು ಬಾಳೂರಿನ ಅವಳ ಮನೆಗೆ ಫೋನ್ ಮಾಡಿ, "ಸೋಮವಾರ ಚಿಕ್ಕಮಗಳೂರಿನ ತಾರಸಿ ತೋಟಕ್ಕೆ ಬಾ" ಎಂದಷ್ಟೇ ಹೇಳಿದೆ. "ಹ್ಞೂಂ" ಎಂದಿದ್ದಳು.

ಅವಳು ಮೊದಲೇ ಬಂದು ಹುಲ್ಲಿನ ಮೇಲೆ ಕೂತಿದ್ದಳು. ಕೂದಲು ನೆರೆತಿದೆ. ನಾನು ಸ್ವಲ್ಪ ಜಾಗ ಬಿಟ್ಟು ಕೂತೆ. ಕೆಳಗೆ ಇಡೀ ಪೇಟೆ: ನೀರಿನ ಟ್ಯಾಂಕುಗಳು, ತಾರಸಿಗಳಲ್ಲಿ ಒಣಹಾಕಿದ ಸೀರೆಗಳು, ಬಸ್ ಸ್ಟ್ಯಾಂಡಿನ ಹೊಗೆ. ಅದರಾಚೆ ಮೋಡ ಮುಚ್ಚಿದ ಬಾಬಾಬುಡನ್‌ಗಿರಿ. ಒಬ್ಬರ ಮುಖ ಒಬ್ಬರು ನೋಡದೆ ಕೂರಲು ಅಷ್ಟು ದೊಡ್ಡ ನೋಟವೇ ಬೇಕಿತ್ತು.

"ಇಲ್ಲಿ ಬಿಸಿಲಿದೆ," ಎಂದೆ.

"ನಮ್ಮಲ್ಲಿಲ್ಲ," ಎಂದಳು.

ಮಾತು ಮುಗಿಯಿತು. ಬಂದದ್ದೇ ತಪ್ಪಾಯಿತೇನೋ ಎನಿಸಿ ಎದ್ದೆ. ಅವಳೂ ಎದ್ದಳು. ಎದ್ದವರೇ ಇಬ್ಬರೂ ಒಟ್ಟಿಗೆ ಸೀರೆಯ ಅಂಚು ಎತ್ತಿ, ಬಗ್ಗಿ, ಮಳೆಗಾಲದಲ್ಲಿ ತೋಟದಿಂದ ಬಂದಾಗ ನೋಡುವಂತೆ, ರಕ್ತ ಹೀರುವ ಇಂಬಳ ಕಾಲಿಗೆ ಹತ್ತಿದೆಯೇ ಎಂದು ಬೆರಳ ಸಂದಿಯನ್ನೆಲ್ಲ ನೋಡತೊಡಗಿದೆವು. ನಾಲ್ಕು ಮಹಡಿಯ ಮೇಲೆ!

ಕಾವಲಿನ ಬಸವರಾಜಪ್ಪ, ಬಯಲುಸೀಮೆಯವನು, ಓಡಿಬಂದ. "ಏನ್ ಕಳ್ಕಂಡ್ರವ್ವಾ? ಕಾಲುಂಗ್ರನಾ?"

"ಇಂಬಳ ಹುಡುಕ್ತಿದೀವಿ ಮಾರಾಯ," ಎಂದೆ.

"ಅವೇನು ಲಿಫ್ಟಲ್ಲಿ ಬರ್ತಾವಾ?"

ಜಲಜ ನಗಲು ಶುರುಮಾಡಿ, ಬೀಳದಂತೆ ನನ್ನ ಭುಜ ಹಿಡಿದುಕೊಂಡಳು. ನಗು ನಿಂತ ಮೇಲೂ ಕೈ ತೆಗೆಯಲಿಲ್ಲ. "ಗುಡ್ಡದಲ್ಲೇ ಹುಟ್ಟಿದವ್ರು ಗುಡ್ಡ ನೋಡೋಕೆ ಲಿಫ್ಟ್ ಹತ್ತಿ ಬಂದಿದೀವಲ್ಲ ಅಕ್ಕ, ನಮಗೆ ಬುದ್ಧಿ ಇದ್ಯಾ?"

"ಇದ್ದಿದ್ರೆ ಇಷ್ಟು ವರ್ಷ ಸುಮ್ನಿರ್ತಿದ್ವಾ?" ಎಂದೆ.

ಮತ್ತೆ ಕೂತೆವು, ಈ ಸಲ ಜಾಗ ಬಿಡದೆ. ಸಂಜೆ ಬಸ್ಸಿನ ಹೊತ್ತಿನವರೆಗೂ ಏಳಲಿಲ್ಲ. ನಿನ್ನ ಓದಿನ ಬಗ್ಗೆ ಕೇಳಿದಳು. ಅವಳ ಮೊಣಕಾಲು ನೋವಿನ ಬಗ್ಗೆ ಕೇಳಿದೆ. ಬಸ್ಸಿನಲ್ಲಿ ಕಾದಂಬರಿ ಬಿಚ್ಚಿದರೆ ಒಂದು ಪುಟವೂ ಸಾಗಲಿಲ್ಲ, ಅದಕ್ಕೂ ಖುಷಿಯಾಯಿತು. ರಾತ್ರಿ ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮೈಸೂರಿನ ಚಳಿಯನ್ನು ನಂಬಬೇಡ, ಸ್ವೆಟರ್ ಹಾಕಿಕೋ. ಎಲ್ಲ ಒಳ್ಳೆಯದಾಗಲಿ, ಮಗಳೇ.

ನಿನ್ನ ಅಮ್ಮ,
ಕೃಷ್ಣಮ್ಮ

ಕಾಗದ ಮಡಚುವ ಮುಂಚೆ ಇನ್ನೊಂದು: ಆಪರೇಷನ್ ಆಗಿ ನಾನು ಮಲಗಿದ್ದಾಗ ತಂಗಿ ಬಂದು ನೋಡಲಿಲ್ಲವೆಂದು ನಿನ್ನ ಹತ್ತಿರ ಎಷ್ಟು ಸಲ ಅತ್ತಿದ್ದೇನೆ. ಅವಳು ಬಂದಿದ್ದಳಂತೆ, ನಮ್ಮ ಮನೆಯ ಗೇಟಿನ ತನಕ. "ಭಾವ ನಿಂತಿದ್ರು. ಅವಳು ನಿದ್ದೆ ಮಾಡ್ತಿದಾಳೆ, ಎಬ್ಬಿಸೋದು ಬೇಡ ಅಂದ್ರು. ಬೈಲಿಲ್ಲ ಕಣಕ್ಕ," ಎಂದಳು. ಆ ದಿನಗಳಲ್ಲಿ ನನಗೆ ಹಗಲು ನಿದ್ದೆಯೇ ಬರುತ್ತಿರಲಿಲ್ಲ. ಜೀಪಿನ ಸದ್ದಾದಾಗಲೆಲ್ಲ "ಯಾರು ಬಂದ್ರು?" ಎಂದು ನಿನ್ನ ಅಪ್ಪನನ್ನೇ ಕೇಳುತ್ತಿದ್ದೆ. "ಯಾರೂ ಇಲ್ಲ" ಎನ್ನುತ್ತಿದ್ದರು.

ಶನಿವಾರ ಬಾಳೂರಿಗೆ ಹೋಗಿ, ಅವಳ ಮನೆಯ ಒಳಗೆ ಕೂತು ಕಾಫಿ ಕುಡಿದು ಬರುವುದೆಂದು ತೀರ್ಮಾನಿಸಿದ್ದೇನೆ. ನಿನ್ನ ಅಪ್ಪನಿಗೆ ಹೇಳಿಯೇ ಹೋಗುತ್ತೇನೆ. ಇನ್ನೂ ಹೇಳಿಲ್ಲ.