ಹ್ಯಾಂಡ್‌ಬ್ರೇಕ್ ಹಾಕದ ನಾಯಕ

ಅಪ್ಪಾ,

ಇವತ್ತು ಶಾಲೆಯಲ್ಲಿ ನಾನು ಪಾಠ ಮಾಡುವ ಮೊದಲ ದಿನ, ಅದಕ್ಕೇ ಬೇಗ ಹೊರಟೆ. ತಿಂಡಿ ಮುಚ್ಚಿಟ್ಟಿದ್ದೇನೆ. ನಿಮ್ಮ ಡ್ರೈವರ್ ಅಂಗಿಗೆ ಇಸ್ತ್ರಿ ಆಗಿದೆ. ಜೇಬಿಗೆ ಮತ್ತೆ ಸ್ಪ್ಯಾನರ್ ತುರುಕಬೇಡಿ, ಹೊಲಿದು ಹೊಲಿದು ಸಾಕಾಗಿದೆ.

ನಿನ್ನೆಯ ಸಿನಿಮಾದ ಕಥೆ ಮಾತ್ರ ಹೇಳುವುದಿಲ್ಲ. ನಾಯಕ ಇಳಿಜಾರಿನಲ್ಲಿ ಬಸ್ಸು ಬಿಟ್ಟು ನಾಯಕಿಯನ್ನು ಅಪ್ಪಿಕೊಳ್ಳಲು ಓಡಿದಾಗ, ಸೋಫಾದಲ್ಲಿ ಗೊರಕೆ ಹೊಡೆಯುತ್ತಿದ್ದ ನೀವು "ಹ್ಯಾಂಡ್‌ಬ್ರೇಕ್ ಹಾಕೋ ಕತ್ತೆ!" ಎಂದಿರಿ. ಎಂದು, ಏನೂ ಆಗದವರಂತೆ ಮತ್ತೆ ಗೊರಕೆ ಶುರುಮಾಡಿದಿರಿ. ನಾನು ದಿಂಬು ಕಚ್ಚಿಕೊಂಡು ನಕ್ಕೆ. ಆಮೇಲೆ ಯಾಕೋ ಅಳು ಬಂತು.

ಯಾರೆದುರೂ ಬಾಯಿ ಬಿಡದ ನನ್ನನ್ನು, ಪ್ರತಿ ಸಲ ಸಿನಿಮಾ ನೋಡಿದ ಮಾರನೇ ಬೆಳಿಗ್ಗೆ "ನಿದ್ದೆ ಬಂದ್ಬಿಡ್ತು ಕಣೇ, ಆಮೇಲೇನಾಯ್ತು ಹೇಳು" ಎಂದು ಕೂರಿಸಿಕೊಂಡು ಮಾತಾಡಿಸಿದಿರಲ್ಲ, ಇಷ್ಟು ವರ್ಷ ಒಂದು ಸಿನಿಮಾದಲ್ಲೂ ನೀವು ನಿದ್ದೆ ಮಾಡಿರಲೇ ಇಲ್ಲ ಅಲ್ಲವೇ? ಸತ್ತ ವಿಲನ್ನನ್ನು ನಾನು ಬದುಕಿಸಿ ಹೇಳಿದಾಗಲೂ "ಹೌದಾ?" ಎಂದು ಬಾಯಿ ತೆರೆದಿರಿ. ಎಂಥ ಕಳ್ಳರಪ್ಪ ನೀವು!

ನಿಮ್ಮ ಸುಳ್ಳು ಗೊರಕೆಗೆ ನಾನು ಋಣಿ, ಅಪ್ಪಾ. ಎದುರಿಗೆ ಹೇಳಲು ನಾಚಿಕೆ, ಅದಕ್ಕೇ ಈ ಚೀಟಿ. ತರಗತಿಯಲ್ಲಿ ನಾಲಿಗೆ ಒಣಗಿದರೆ, ಬೆಂಚಿನ ತುಂಬ ಸಿನಿಮಾ ಮಧ್ಯೆ ನಿದ್ದೆಹೋದ ಅಪ್ಪಂದಿರೇ ಕೂತಿದ್ದಾರೆ ಎಂದುಕೊಂಡು ಶುರುಮಾಡುತ್ತೇನೆ.