ಬಲಗಡೆ ಗಿಳಿಯ ಕಣ್ಣು

೧೨ ಆಗಸ್ಟ್ ೨೦೦೭, ಭಾನುವಾರ

ಉಳಿಗಳನ್ನೆಲ್ಲ ಸಾಣೆ ಹಿಡಿದೆ. ಯಾಕೆ ಹಿಡಿದೆನೋ. ಅಭ್ಯಾಸ.

ಬಲಗೈ ಇವತ್ತೂ ನಡುಗ್ತಿದೆ. ಕಾಫಿ ಲೋಟ ಎತ್ತಿದರೆ ಅರ್ಧ ಪಂಚೆ ಮೇಲೆ. ದಿನಾ ನಾಕು ಸಾಲು ಬರೀರಿ, ಕೈಗೆ ಒಳ್ಳೇದು ಅಂದರು ಡಾಕ್ಟ್ರು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಆಗಲೇ ಬರೀಲಿಲ್ಲ, ಈ ವಯಸ್ಸಿಗೆ ಬರೀಬೇಕಂತೆ.

ಕೆಂಪಣ್ಣನ ಬಾಗಿಲಿನ ಮೇಲ್ಪಟ್ಟಿ ಗೋಡೆಗೆ ಒರಗಿಸಿದಂಗೇ ಇದೆ. ಹೊನ್ನೆ ಮರ. ಎಡಗಡೆ ಗಿಳಿ ಯುಗಾದಿಗೇ ಮುಗಿದಿತ್ತು— ಕೈ ಸರಿಯಿದ್ದಾಗ. ಬಲಗಡೆ ಬರೀ ಹಲಗೆ. ಎರಡು ಗಿಳಿ ಎದುರುಬದುರು ಕೂರಬೇಕು. ಒಂದೇ ಕೂತಿದೆ, ಬಸ್ಸು ತಪ್ಪಿದವರ ಥರ.

ಕೆಂಪಣ್ಣ ನನ್ನ ಹೆಂಡತಿ ಬೆಟ್ಟಮ್ಮನ ತಮ್ಮ. ಸಾಲಗಾಮೆಯಲ್ಲಿ ಮನೆ ಕಟ್ಟಿಸ್ತಿದಾನೆ. ಬಂದಿದ್ದ.

"ಭಾವ, ಕಾರ್ತೀಕದಾಗೆ ಬಾಗ್ಲು ನಿಲ್ಸೋ ಪೂಜೆ. ನಿನ್ ಕೈಲಿ ಆಗ್ದಿದ್ರೆ ಏಳ್ಬುಡು. ಚನ್ನರಾಯಪಟ್ಣದಾಗೆ ಕೆತ್ತೋರು ಅವ್ರೆ."

"ಬ್ಯಾರೆಯವ್ನ ಉಳಿ ಬಿದ್ರೆ ಎರಡು ಗಿಳಿ ಒಂದಕ್ಕೊಂದು ಮಾತಾಡಾಕಿಲ್ಲ ಕಣ್ಲಾ. ಎದ್ದು ಓಗು."

ಊಟ ಮಾಡಿಕೊಂಡೇ ಹೋದ. ನಾಚಿಕೆ ಇಲ್ಲ.

೧೯ ಆಗಸ್ಟ್, ಭಾನುವಾರ

ಪಕ್ಕದ ಬೀದಿ ಅರ್ಚಕರು ಯೋಗಾನರಸಿಂಹಯ್ಯನವರ ಮಗಳು ರಂಜನಿ. ದಿನಾ ಹಾಸನಕ್ಕೆ ಹೋಗಿ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡ್ತಾಳೆ. ಭಾನುವಾರ ನನ್ನ ಶೆಡ್ಡಿನಲ್ಲಿ ಮರ ಕೆತ್ತೋ ಮಿಷನ್ ಕಟ್ಟೋದು ಅವಳ ಹುಚ್ಚು. ಅವರ ಮನೇಲಿ ಜಾಗ ಇಲ್ಲ, ಮಡಿ ಬೇರೆ. ಕಬ್ಬಿಣದ ಚೌಕಟ್ಟು, ಮೂರು ಮೋಟರು, ಮರ ಕೊರೆಯೋಕೆ ಒಂದು ರೂಟರ್, ಅದರ ತುದಿಗೆ ಗಿರಗಿರ ತಿರುಗೋ ಉಳಿಯಂಥ ಬಿಟ್, ಹಳೇ ಕಂಪ್ಯೂಟರ್. ಮೋಟರುಗಳಿಗೆ ಅಪ್ಪಣೆ ಕೊಡೋ ಡಬ್ಬಿಗೆ ಕಂಟ್ರೋಲರ್ ಅಂತಾಳೆ. ಅದನ್ನ ಅವಳೇ ಮಾಡ್ತಾಳಂತೆ.

"ಡಬ್ಬಿಯಲ್ಲಿ ಏನೇನಿರಬೇಕು ನೀವೇ ಹೇಳಿ ಅಂಕಲ್. ಓಡಿಸೋರು ನೀವು."

"ನಾನ್ಯಾಕೆ ಓಡುಸ್ಲಿ?"

"ಬಲಗಡೆ ಗಿಳಿ ಬೇಡ್ವಾ?"

ಗೋಡೆಗೆ ಒರಗಿದ್ದ ಮೇಲ್ಪಟ್ಟಿ ನೋಡಿದೆ. ಆಮೇಲೆ ಹೇಳಿದೆ. ಮೊದಲು ಕೆಂಪು ಬಟನ್. ಸಣ್ಣದಿದ್ದರೆ ನನ್ನ ಬೆರಳು ಪಕ್ಕಕ್ಕೆ ಹೋಗುತ್ತೆ. ಮುಷ್ಟಿಯಲ್ಲಿ ಗುದ್ದಿದರೆ ಎಲ್ಲಾ ನಿಲ್ಲಬೇಕು. ಆಮೇಲೆ ಕೆಲಸ ನಡೀತಾ ಇರುವಾಗಲೇ ವೇಗ ತಗ್ಗಿಸೋ ತಿರುಪು.

"ವೇಗ ಕಂಪ್ಯೂಟರ್‌ನಲ್ಲಿ ಮೊದಲೇ ಹಾಕಿರ್ತೀವಿ ಅಂಕಲ್."

"ಮರದೊಳ್ಗೆ ಗಂಟೈತೆ ಅಂತ ಅದ್ಕೆ ಕನ್ಸು ಬೀಳ್ತದಾ?"

ನಕ್ಕಳು. ಸರಿ, ಇಡ್ತೀನಿ ಅಂದಳು. ಕೊನೇಗೆ ಚಕ್ರ ಕೇಳಿದೆ. ನಾನು ತಿರುಗಿಸಿದಷ್ಟೇ ಬಿಟ್ ಸರೀಬೇಕು, ಅಂಥ ಚಕ್ರ. ಎಲ್ಲಾ ತಾನಾಗೇ ಕೆತ್ತುತ್ತಲ್ಲ, ಚಕ್ರ ಯಾಕೆ ಅಂದಳು.

"ಕಣ್ಣು ನಾನೇ ಬಿಡ್ಸೋದು ಕಣವ್ವ."

ಗಿಳಿಯಾಗಲಿ ಆನೆಯಾಗಲಿ, ಕಣ್ಣು ಕೊನೇಗೆ. ಕೆತ್ತಿದವನೇ ಬಿಡಿಸಬೇಕು. ನನಗೆ ಕಲಿಸಿದವರು ಹಂಗೇ ಮಾಡ್ತಿದ್ದರು. ಅದನ್ನೂ ಮಿಷನ್ನಿಗೆ ಬಿಟ್ಟರೆ ಈ ಶೆಡ್ಡಿನಲ್ಲಿ ನನಗೇನು ಕೆಲಸ? ಕಸ ಗುಡಿಸೋದಾ?

೨ ಸೆಪ್ಟೆಂಬರ್, ಭಾನುವಾರ

ಮಿಷನ್ ಓಡಿತು. ರದ್ದಿ ಹಲಗೆ ಮೇಲೆ ಹೂವು. ಚೆನ್ನಾಗೇ ಬರ್ತಿತ್ತು. ಅರ್ಧದಲ್ಲಿ ಕರೆಂಟ್ ಹೋಯ್ತು. ಬಂದ ಮೇಲೆ ಹೂವಿನ ಮೇಲೇ ಇನ್ನೊಂದು ಹೂವು ಕೆತ್ತೋಕೆ ಹೊರಡ್ತು. ಎಲ್ಲಿದ್ದೆ ಅನ್ನೋದೇ ಗೊತ್ತಿಲ್ಲ. ಕುಡುಕ.

ಮಿಷನ್ನಿನ ಮೂಲೆಯಲ್ಲಿ ಒಂದು ಕಣ್ಣು ಕೂರಿಸ್ತೀನಿ ಅಂದಳು ರಂಜನಿ. ಸಣ್ಣ ಸಂದು, ಅದರೊಳಗೆ ಬೆಳಕು. ರೂಟರ್ ಹೋಗಿ ಆ ಬೆಳಕಿಗೆ ಅಡ್ಡ ಬಂದಾಗ ಮಿಷನ್ನಿಗೆ 'ಮನೆ ಬಂತು', ಅಂದರೆ ಅಳತೆ ಶುರುವಾಗೋ ಮೂಲೆ ಬಂತು ಅಂತ ಗೊತ್ತಾಗುತ್ತಂತೆ. ಕರೆಂಟ್ ಹೋಗಿ ಬಂದಾಗ ಮೊದಲು ಮೇಲಕ್ಕೆ ಏಳುತ್ತೆ, ಮನೆಗೆ ಹೋಗುತ್ತೆ, ಅಲ್ಲಿಂದ ಅಳೆದುಕೊಂಡು ಬಿಟ್ಟ ಜಾಗಕ್ಕೇ ಬರುತ್ತೆ.

ಈ ಹೊಳೆನರಸೀಪುರದಲ್ಲಿ ಅದಿಲ್ಲದೆ ಆಗಲ್ಲ ಅಂದೆ. ಮಾಡು.

೧೬ ಸೆಪ್ಟೆಂಬರ್, ಭಾನುವಾರ

ಚಕ್ರ ತಂದಳು. ತಿರುಗಿಸಿದೆ. ಕೈ ನಡುಕ ಚಕ್ರಕ್ಕೆ, ಚಕ್ರದ್ದು ಮರಕ್ಕೆ. ಹಲಗೆ ಮೇಲೆ ಹಾವು ಹರಿದಂಗೆ ಗೆರೆ.

ಹಲಗೆ ಎತ್ತಿ ಬಿಸಾಕಿದೆ. ನಿನ್ನ ಮಿಷನ್ ನೀನೇ ತಗೊಂಡು ಹೋಗು ಅಂದೆ. ಚಕ್ರ ಮಾತ್ರ ಬಿಚ್ಚಿಕೊಂಡು ಹೋದಳು.

ಬೆಟ್ಟಮ್ಮ— "ಆ ಮಗೀಗ್ಯಾಕೆ ಬಯ್ತೀಯ? ನಿನ್ ಕೈಯ ಅವ್ಳು ನಡುಗುಸ್ತಾವ್ಳಾ?"

ಹಂಗಂತ ನಾನೆಲ್ಲಿ ಅಂದೆ.

೭ ಅಕ್ಟೋಬರ್, ಭಾನುವಾರ

ಇಷ್ಟು ದಿನ ಬರೀಲಿಲ್ಲ. ಬರೆಯೋಕೆ ಏನಿತ್ತು.

ರಂಜನಿ ಬಂದಳು. ಬೈಸಿಕೊಂಡಿದ್ದು ನೆನಪೇ ಇಲ್ಲದವಳ ಥರ. ಬೇರೆ ಚಕ್ರ. ತಿರುಗಿಸಿದರೆ ಹಲ್ಲು ಹಲ್ಲಾಗಿ ಕೂರುತ್ತೆ, ಟಿಕ್ ಅನ್ನುತ್ತೆ. ಒಂದು ಟಿಕ್ಕಿಗೆ ಬಿಟ್ ಕೂದಲೆಳೆಯಷ್ಟು ಸರಿಯುತ್ತೆ. ಟಿಕ್ ಅನ್ನದಿದ್ದರೆ ಡಬ್ಬಿ ಕಿವಿಗೇ ಹಾಕಿಕೊಳ್ಳಲ್ಲ. ಪಕ್ಕಕ್ಕೆ, ಮುಂದಕ್ಕೆ, ಕೆಳಕ್ಕೆ— ಯಾವ ಕಡೆ ಬೇಕೋ ಆರಿಸೋಕೆ ಬೇರೆ ತಿರುಪು.

"ಈಗ ಕೈ ಎಷ್ಟು ಬೇಕಾದ್ರೂ ನಡುಗ್ಲಿ ಅಂಕಲ್. ಅದಕ್ಕೆ ಕೇಳ್ಸಲ್ಲ."

ಗೆರೆ ಎಳೆದೆ. ನೇರ. ಬೆರಳಾಡಿಸಿ ನೋಡಿದೆ. ಇನ್ನೊಂದು ಸಲ ನೋಡಿದೆ.

ಪರವಾಗಿಲ್ಲ ಅಂದೆ.

"ಅಷ್ಟೇನಾ?"

"ಮಜ್ಜಿಗೆ ಕುಡ್ಕೊಂಡು ಓಗು."

೧೪ ಅಕ್ಟೋಬರ್, ಭಾನುವಾರ

ಮೇಲ್ಪಟ್ಟಿ ಮಿಷನ್ ಮೇಲೆ ಬಿಗಿದೆವು. ರೂಟರ್ ತೆಗೆದು ಆ ಜಾಗಕ್ಕೆ ಸೂಜಿ. ಎಡಗಡೆ ಗಿಳಿಯ ಮೈಯೆಲ್ಲ ಸೂಜಿ ಮುಟ್ಟಿ ಮುಟ್ಟಿ ಏರುತಗ್ಗು ಅಳೀತು. ಮುಟ್ಟಿದ ತಕ್ಷಣ ನಿಲ್ಲೋ ಬುದ್ಧಿಯನ್ನೂ ಡಬ್ಬಿಗೆ ಕಲಿಸಿದಾಳೆ. ಕಂಪ್ಯೂಟರ್‌ನಲ್ಲಿ ಗಿಳೀನ ಬಲಗಡೆಗೆ ತಿರುಗಿಸಿದಳು. ನನ್ನ ಗಿಳಿ ಕನ್ನಡಿ ನೋಡಿಕೊಂಡಂಗೆ ಕಂಡಿತು. ಕಣ್ಣು ಮಾತ್ರ ಅಳಿಸು ಅಂದೆ. ಅಳಿಸಿದಳು.

೨೦ ಅಕ್ಟೋಬರ್, ಶನಿವಾರ. ಆಯುಧಪೂಜೆ

ಉಳಿ, ಕೊಡತಿ, ಗರಗಸ ತೊಳೆದು ಇಟ್ಟೆ. ಮಿಷನ್ನಿಗೂ ಹೂವಿನ ಹಾರ. ಬೆಟ್ಟಮ್ಮ ವಿಭೂತಿ ಬಳಿದಳು, ರಂಜನಿಯೂ ಅವಳ ಜೊತೆ ಸೇರಿ ಕುಂಕುಮ ಇಟ್ಟಳು. ಬೂದುಗುಂಬಳ ಒಡೆದೆ. ಕೈ ನಡುಗಿ ಕಾಲ ಮೇಲೆ ಬೀಳ್ತಿತ್ತು, ತಪ್ಪಿತು. ಯಾರೂ ನೋಡಲಿಲ್ಲ.

ನಾಳೆ ದಶಮಿ ಕಳೆಯೋವರೆಗೂ ಯಾವುದನ್ನೂ ಮುಟ್ಟೋ ಹಂಗಿಲ್ಲ.

೨೨ ಅಕ್ಟೋಬರ್, ಸೋಮವಾರ

ದೊಡ್ಡ ಅನಾಹುತ ತಪ್ಪಿತು.

ಕಾಲೇಜಿಗೆ ದಸರಾ ರಜ. ರಂಜನಿ ಬೆಳಗ್ಗೇನೇ ಬಂದಳು. ಸ್ವಿಚ್ ಹಾಕಿದಳು. ಮನೆ ಹುಡುಕೋಕೆ ಹೋಗಬೇಕಿದ್ದ ಮಿಷನ್ ನಿಂತಲ್ಲೇ ನಿಂತಿತು. ಪರದೆ ಮೇಲೆ 'ಮನೆ ಸಿಕ್ಕಿದೆ' ಅಂತ ಬಂತು. ಅವಳು ಕೆಲಸ ಶುರು ಮಾಡಿದಳು. ಬಲಗಡೆ ಇಳೀಬೇಕಾದ ಬಿಟ್ ನೇರ ಎಡಗಡೆ ಗಿಳಿ ಮೇಲೆ...

ಮುಷ್ಟಿಯಲ್ಲಿ ಗುದ್ದಿದೆ. ಕೆಂಪು ಬಟನ್. ನಿಂತಿತು. ಬಾಲದ ತುದಿ ಹೋಯ್ತು. ಅಷ್ಟೇ. ಮೈ ಉಳೀತು.

ಮೂಲೆಯ ಕಣ್ಣು ಬಿಚ್ಚಿ ನೋಡಿದರೆ ಸಂದಿನ ತುಂಬ ಕುಂಕುಮ. ಎಣ್ಣೇಲಿ ಕಲಸಿದ್ದು. ಬೆಳಕಿಗೆ ಅಡ್ಡ ಆಗಿದೆ. ನಿಂತ ಜಾಗವೇ ಮನೆ ಅಂದುಕೊಂಡಿದೆ ಮಿಷನ್.

ಬೆಟ್ಟಮ್ಮನಿಗೆ ಬೈದೆ. ಬಾಯಿಗೆ ಬಂದಂಗೆ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. ರಂಜನಿ ಮುಖ ಸಣ್ಣದು ಮಾಡಿಕೊಂಡಳು.

"ಆಂಟಿ ಅಲ್ಲ ಅಂಕಲ್. ನಾನೇ ಇಟ್ಟಿದ್ದು. ಇದು ಮಿಷನ್ನಿನ ಕಣ್ಣಲ್ವಾ, ಇದನ್ನ ಬಿಡಬಾರದು ಅಂತ..."

"ಈಗ ಬಯ್ಯಿ ನೋಡಾಣ," ಅಂದಳು ಬೆಟ್ಟಮ್ಮ.

ಬೈಯಲಿಲ್ಲ. ಬೆಟ್ಟಮ್ಮ ಕೊಟ್ಟ ಕಾಫಿ ಕುಡಿದೆ. ಬೇಕಂತಲೇ ಸಕ್ಕರೆ ಹಾಕಿರಲಿಲ್ಲ. ಲೋಟ ಖಾಲಿ ಮಾಡಿದೆ.

ಇನ್ನು ಮೇಲೆ ಸ್ವಿಚ್ ಹಾಕಿದಾಗ ಮಿಷನ್ ಮೊದಲು ಒಂದು ಗೇಣು ಈಚೆಗೆ ಬರುತ್ತಂತೆ. ಅಲ್ಲೂ ಮನೆ ಅಂದರೆ ಕಣ್ಣು ಕೆಟ್ಟಿದೆ ಅಂತ ಅರ್ಥ, ಕೆಲಸ ಶುರುವೇ ಮಾಡಲ್ಲ.

ಹೋಗುವಾಗ ಬಾಲ ಏನು ಮಾಡೋದು ಅಂಕಲ್ ಅಂದಳು. ಬಲಗಡೆ ಗಿಳಿ ಬಾಲಾನೂ ಅಷ್ಟೇ ಗಿಡ್ಡ ಮಾಡು ಅಂದೆ.

೧೮ ನವೆಂಬರ್, ಭಾನುವಾರ

ಬಲಗಡೆ ಗಿಳಿ ಮುಗೀತು. ಕೊಕ್ಕಿನ ಹತ್ತಿರ ಗಂಟು ಸಿಕ್ಕಿತು. ಸದ್ದು ಬದಲಾಯ್ತು. ತಿರುಪು ಹಿಡಿದು ವೇಗ ತಗ್ಗಿಸಿದೆ. ಮೆಲ್ಲಗೆ ದಾಟಿತು. ರಂಜನಿ ನನ್ನ ಮುಖ ನೋಡಿದಳು. ನಾನು ನೋಡಲಿಲ್ಲ.

ಕೆಂಪಣ್ಣ ಬಂದಿದ್ದ. ಗುರುವಾರ ಪೂಜೆ.

"ಭಾವ, ಬಾಲ ಗಿಡ್ಡ ಆಯ್ತಲ್ಲ?"

"ನಿನ್ ಬಾಗ್ಲುಗೆ ಸಿಕ್ಕಾಕ್ಕೊಳ್ದೆ ಇರ್ಲಿ ಅಂತ ಕಣ್ಲಾ."

"ಅದ್ಸರಿ, ಈ ಕಡೇದು ಕುರುಡಾ?"

"ನಿಂಗೇನ್ ಆತ್ರ? ಬುಧವಾರ ಬೆಳಿಗ್ಗೆ ಟೆಂಪೋ ತಗಂಬಾ."

೨೦ ನವೆಂಬರ್, ಮಂಗಳವಾರ. ಸಂಜೆ

ಶೆಡ್ಡಿನಲ್ಲೇ ಕೂತು ಬರೀತಿದೀನಿ. ಒಬ್ಬನೇ. ರಂಜನಿ ಇರ್ತೀನಿ ಅಂದಳು, ಬೇಡ ಅಂದೆ. ಬೆಟ್ಟಮ್ಮನಿಗೂ ಈ ಕಡೆ ಬರಬೇಡ ಅಂದಿದೀನಿ.

ಮೇಲಿನ ರೆಪ್ಪೆ ಬಿಡಿಸಿದೆ. ಟಿಕ್. ಟಿಕ್. ಕೆಳಗಿನ ರೆಪ್ಪೆ. ಕೈ ತನ್ನ ಪಾಡಿಗೆ ನಡುಗ್ತಿತ್ತು, ಗೆರೆ ತನ್ನ ಪಾಡಿಗೆ ಬಂತು. ಆಮೇಲೆ ಪಾಪೆ. ಕೆಳಕ್ಕೆ. ರಾಗಿಕಾಳಿನಷ್ಟು ಆಳ ಹೋಗಬೇಕು, ಎಡಗಡೆಯದರ ಹಂಗೇ. ಅರ್ಧ ಹೋಗಿತ್ತು. ಕರೆಂಟ್ ಹೋಯ್ತು.

ಬಿಟ್ ಕಣ್ಣೊಳಗೇ ನಿಂತಿದೆ. ಅಲ್ಲಾಡಿಸಿಲ್ಲ. ಮುಟ್ಟಿಲ್ಲ. ಉಳಿ ತಗೊಂಡು ಮುಗಿಸಿಬಿಡೋಣ ಅನ್ನಿಸ್ತು. ಉಳಿ ಎತ್ತಿದೆ. ಕೈ ನೋಡಿಕೊಂಡೆ. ವಾಪಸ್ ಇಟ್ಟೆ.

ಕಾಯ್ತಿದೀನಿ. ಮೂಲೆಯ ಸಂದಿಗೆ ಬೀಡಿ ಬೆಂಕಿಕಡ್ಡಿ ಗೀರಿ ನೋಡಿದೆ. ಸ್ವಚ್ಛ.

ಬಂತು. ಕರೆಂಟ್ ಬಂತು.

ಸ್ವಿಚ್ ಹಾಕಿದೀನಿ. ಮೇಲಕ್ಕೆ ಎದ್ದಿತು. ಒಂದು ಗೇಣು ಈಚೆಗೆ ಬಂತು... ಈಗ ಮನೆ ಕಡೆ ಹೋಗ್ತಿದೆ. ಮುಟ್ಟಿತು. ತಿರುಗಿತು. ಬರ್ತಿದೆ, ಪಟ್ಟಿ ದಾಟಿ, ಎಡಗಡೆ ಗಿಳಿ ದಾಟಿ... ಇಳೀತಾ ಇದೆ. ನಿಂತಿತು. ಅದೇ ಕಣ್ಣು. ಅದೇ ಆಳ.

ಪೆನ್ನು ಇಟ್ಟು ಚಕ್ರ ಹಿಡೀಬೇಕು. ಉಳಿದರ್ಧ ಇನ್ನು ನಾನು—